ಶೇಂಗಾ ಮಿಲ್ಲಿನಲ್ಲಿ ಗಾಳಿ ಕೇಳಿದ ವರ್ಷ

ರಾಯದುರ್ಗದ ಆ ಶೇಂಗಾ ಮಿಲ್ಲಿನಲ್ಲಿ ನನಗೆ ಎರಡು ಕೆಲಸಗಳಿದ್ದವು. ದಿನವೆಲ್ಲ ಶೆಡ್ಡಿನೊಳಗೆ ಕೂತು, ಯಂತ್ರ ಒಡೆದು ಚೆಲ್ಲಿದ ಕಾಯಿಯ ಸಿಪ್ಪೆ ಕೇರಿ ಬೀಜ ಆರಿಸುವುದು ಒಂದು. ಬೇಸಿಗೆಯಲ್ಲಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡು ಸಲ ಎದ್ದುಹೋಗಿ ಸಾಹುಕಾರರ ಕಚೇರಿ ಬಾಗಿಲಿಗೆ ಕಟ್ಟಿದ್ದ ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದು ಇನ್ನೊಂದು. ಶೆಡ್ಡಿನಿಂದ ಕಚೇರಿಗೆ ಮೂವತ್ತು ಹೆಜ್ಜೆ. ಕೂಲಿ ಹೆಂಗಸರಲ್ಲಿ ಆ ಮೂವತ್ತು ಹೆಜ್ಜೆ ನಡೆಯುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಒಂದೇ ಕಾಂಪೌಂಡಿನೊಳಗೆ ಎರಡು ಹವೆ ಇದೆ ಎಂದು ಮೈಯಿಂದ ತಿಳಿದಿದ್ದವಳೂ ನಾನೊಬ್ಬಳೇ.

ನಾನು ಮಡಕಶಿರಾ ಕಡೆಯ ಹುಡುಗಿ. ಆಗ ಎಲ್ಲವೂ ಮದ್ರಾಸು ಸರ್ಕಾರದ್ದು. ಆದರೂ ನಮ್ಮ ತಾಲ್ಲೂಕು ಅನಂತಪುರ ಜಿಲ್ಲೆಗೆ, ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮದುವೆಯಾಗಿ ಬಂದಾಗ ನನ್ನ ಮಾತು ಕೇಳಿ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾನು ಕಡಲೆಕಾಯಿ ಎಂದರೆ ಅವರು ಶೇಂಗಾ ಎನ್ನುತ್ತಿದ್ದರು. ನಾನು ‘ಯಾಕೆ’ ಎಂದು ಕೇಳಿದರೆ ‘ಯಾಕ ಅನ್ನವ್ವ, ಬಾಲ ಯಾಕ ಹಚ್ಚತಿ’ ಎಂದು ತಿದ್ದುತ್ತಿದ್ದರು. ನನ್ನ ಗಂಡ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಮಿಲ್ಲಿನ ಬೀಜ ಬಳ್ಳಾರಿ ಕಡೆಯ ರೈಲು ಹತ್ತುತ್ತಿದ್ದದ್ದು ಅವನ ಬೆನ್ನಿನ ಮೇಲೆಯೇ. ನನ್ನನ್ನು ಮಿಲ್ಲಿಗೆ ಸೇರಿಸಿದವನೂ ಅವನೇ.

ಸೇರಿದ ಮೊದಲ ದಿನವೇ ನನಗೆ ಆ ಶೆಡ್ಡು ಒಗ್ಗಲಿಲ್ಲ. ಅದು ಮೊದಲು ಹತ್ತಿಯ ಗೋದಾಮಾಗಿತ್ತಂತೆ. ಮೇಲೆ ತಗಡು. ಗೋಡೆಯಲ್ಲಿದ್ದ ಕಿಟಕಿಗಳನ್ನು ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ದರು. ಹೆಂಗಸರು ಬೀಜವನ್ನು ಹೊರಗೆ ದಾಟಿಸುತ್ತಾರೆ ಎಂಬ ಅನುಮಾನ. ತಗಡಿನ ಕೆಳಗೆ ಸಾಲಾಗಿ ಗಾಳಿಯಾಡುವ ಗೂಡುಗಳಿದ್ದವು. ಅವಕ್ಕೂ ಗೋಣಿಚೀಲ ತುರುಕಿದ್ದರು. ಗಾಳಿ ನುಗ್ಗಿದರೆ ಕೇರಿದ ಸಿಪ್ಪೆ ಮತ್ತೆ ಬೀಜದೊಳಗೆ ಬೀಳುತ್ತದೆ ಎಂದು. ಒಂದು ಮೂಲೆಯಲ್ಲಿ ಎಣ್ಣೆ ಎಂಜಿನ್ನು ಧಡಧಡ ಎನ್ನುತ್ತಿತ್ತು. ಬೀಜ ಒಡೆಯಬಾರದೆಂದು ಕಾಯಿಗೆ ನೀರು ಹೊಡೆದು ರಾಶಿ ಹಾಕುತ್ತಿದ್ದರು. ಆ ರಾಶಿಯೊಳಗೆ ಕೈ ಇಟ್ಟರೆ ಹಸುವಿನ ಬಾಯಿಯೊಳಗೆ ಇಟ್ಟಂತೆ ಬಿಸಿ. ಗಾಳಿಯೊಳಗೆ ಸಿಪ್ಪೆಯ ಧೂಳು ನಿಂತೇ ಇರುತ್ತಿತ್ತು. ಸಂಜೆ ಮನೆಗೆ ಬಂದು ಉಗುಳಿದರೆ ಕೆಂಪು ಮಣ್ಣಿನ ಬಣ್ಣ.

ಇದನ್ನು ಸಹಿಸದಿರಲು ನನಗೊಂದು ಕಾರಣವಿತ್ತು. ನಾನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವಳು. ನಮ್ಮೂರಿನಲ್ಲಿ ರಾಗಿ, ಕಡಲೆಕಾಯಿಯ ಜೊತೆಗೆ ಒಂದಷ್ಟು ಹಿಪ್ಪುನೇರಳೆ ಇತ್ತು. ಹುಳು ಮನೆಯ ಯಜಮಾನಿಕೆ ಅವ್ವನದು. ಗೋಡೆಯ ಬುಡದಲ್ಲಿ ಒಂದು ಗೇಣಿನ ಕಿಂಡಿಗಳು, ಸೂರಿನ ಕೆಳಗೆ ಅದರ ಎದುರು ಗೋಡೆಯಲ್ಲಿ ಅಷ್ಟೇ ದೊಡ್ಡ ಕಿಂಡಿಗಳು. ಅವ್ವ ಹುಳುವಿನ ತಟ್ಟೆಗಳ ನಡುವೆ ಕೆನ್ನೆ ಒಡ್ಡಿ ನಿಂತು ಹವೆ ನೋಡುತ್ತಿದ್ದಳು. ಸೆಕೆ ಅನ್ನಿಸಿದರೆ ಬಾಗಿಲಿಗೆ ಒದ್ದೆ ಗೋಣಿ. ಹುಳು ಪೊರೆ ಬಿಡಲು ಕೂತಾಗ, ಅದನ್ನು ನಾವು ಜ್ವರ ಅನ್ನುತ್ತಿದ್ದೆವು, ಗೋಣಿ ತೆಗೆದು ಒಣ ಗಾಳಿ.

“ಬಿಸಿ ಗಾಳಿ ಮ್ಯಾಕೆ ಏರ್ತೈತೆ ಕಣಮ್ಮಿ,” ಎಂದು ಅವ್ವ ನನಗೆ ಹೇಳಿಕೊಟ್ಟಿದ್ದಳು. “ಅದುಕ್ಕೆ ಮ್ಯಾಕೆ ದಾರಿ ಬಿಡು. ತಣ್ಣಗಿರೋದು ತಾನೇ ಕೆಳಗಿಂದ ಬತ್ತೈತೆ. ಒಂದೇ ದಾರಿ ಬಿಟ್ಯೋ, ಒಳಗಿರೋದು ಒಳಗೇ ಸುತ್ತುತೈತೆ.”

ಒಮ್ಮೆ ನಾನು ಮರೆತು ಮೇಲಿನ ಕಿಂಡಿ ಮುಚ್ಚಿ ಹೊಲಕ್ಕೆ ಹೋಗಿದ್ದೆ. ಮರುದಿನ ಹುಳು ಸಪ್ಪೆಯಾಗಿ ತಟ್ಟೆಯಂಚಿಗೆ ಜೋತುಬಿದ್ದವು. ಅವ್ವ ಬೈಯಲಿಲ್ಲ. ನನ್ನ ಕೈಯಲ್ಲೇ ಅವನ್ನು ಬುಟ್ಟಿಗೆ ತುಂಬಿಸಿ, ಗುಂಡಿ ತೋಡಿಸಿ ಹೂಳಿಸಿದಳು.

ಮಿಲ್ಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಡಿ. ಹಿರೇಹಾಳ್ ಕಡೆಯಿಂದ ಬಂದವಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ಬಾಯಿಯೂ ದೊಡ್ಡದು. ಆ ವರ್ಷ ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ಅವಳಿಗೆ ಏಳು ತಿಂಗಳು. ಒಂದು ಮಧ್ಯಾಹ್ನ ಮೊರ ಆಡಿಸುತ್ತಿದ್ದವಳು ಮೊರದ ಮೇಲೆಯೇ ಮುಂದಕ್ಕೆ ಬಿದ್ದಳು. ಬಾಯಿ, ಮೂಗಿಗೆಲ್ಲ ಸಿಪ್ಪೆಯ ಹೊಟ್ಟು ಮೆತ್ತಿಕೊಂಡಿತ್ತು. ನಾವು ನಾಲ್ಕು ಜನ ಎತ್ತಿ ಅಂಗಳದ ಬೇವಿನ ಮರದ ಕೆಳಗೆ ಮಲಗಿಸಿದೆವು. ನಾನು ತಟ್ಟಿಗೆ ಇಟ್ಟಿದ್ದ ಕೊಡ ತಂದು ಅವಳ ತಲೆಗೆ ಸುರಿದೆ. ಅವಳು ನರಳಿ ಮಗ್ಗುಲಾದಳು.

ಮೇಸ್ತ್ರಿ ಓಡಿಬಂದ. ನಮ್ಮ ಮೇಲ್ವಿಚಾರಣೆ ನೋಡುತ್ತಿದ್ದ ಆತ ಕೆಟ್ಟ ಮನುಷ್ಯನೇನಲ್ಲ. ಸಾಹುಕಾರರ ಹೆದರಿಕೆಯಲ್ಲೇ ಬದುಕಿದವನು.

“ಎಚ್ಚರ ಆತಲ್ಲ, ಒಳಗ ನಡೀರಿ,” ಎಂದ.

“ಇವಳನ್ನ ಒಳಕ್ಕೆ ಕಳಸಲ್ಲ,” ಎಂದೆ ನಾನು. “ನಾವೂ ಹೋಗಲ್ಲ. ಮೊರ ಇಲ್ಲಿಗೆ ತರ್ತೀವಿ. ಇಲ್ಲೇ ಕೇರ್ತೀವಿ.”

“ಬೀಜ ಹೊರಗ ಬರಂಗಿಲ್ಲ. ಸಾಹುಕಾರ್ರ ಅಪ್ಪಣೆ.”

“ಹಂಗಾರೆ ಬೀಜ ಒಳಗೇ ಇರ್ಲಿ. ನಾವು ಹೊರಗಿರ್ತೀವಿ.”

ಇದನ್ನು ಹೇಳುವಾಗ ನನಗೆ ಧೈರ್ಯವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಬಾಯಿಂದ ಹೊರಟ ಮಾತನ್ನು ಹಿಂದಕ್ಕೆ ನುಂಗಲು ಮನಸ್ಸು ಒಪ್ಪಲಿಲ್ಲ. ಬಿದ್ದಿದ್ದವಳು ಕಣ್ಣು ಬಿಟ್ಟು, ಮಲಗಿದ್ದಲ್ಲಿಂದಲೇ, “ಹೌದ್ರಿ ಮೇಸ್ತ್ರಿ, ನಾ ಎದ್ದ ಮ್ಯಾಲ ಇದನ್ನ ಹೇಳಾಕಿದ್ದೆ,” ಎಂದಾಗ ಹೆಂಗಸರೆಲ್ಲ ನಕ್ಕುಬಿಟ್ಟರು. ಇಪ್ಪತ್ತೈದು ಜನ ಮರದ ಕೆಳಗೆ ಕೂತೆವು. ಯಂತ್ರ ಒಡೆಯುತ್ತಲೇ ಇತ್ತು. ಒಡೆದ ರಾಶಿ ಎಂಜಿನ್ನಿನ ಪಟ್ಟಿಯ ತನಕ ಬಂದಾಗ ಅದನ್ನೂ ನಿಲ್ಲಿಸಬೇಕಾಯಿತು.

ಮೂರನೆಯ ದಿನ ಸಾಹುಕಾರರು ನನ್ನನ್ನು ಕಚೇರಿಗೆ ಕರೆಸಿದರು. ಒಳಗೆ ಒದ್ದೆ ಲಾವಂಚದ ವಾಸನೆ, ಅರೆಗತ್ತಲೆ, ತಂಪು. ಆ ದಿನ ತಟ್ಟಿಗೆ ಯಾರು ನೀರು ಹಾಕಿದ್ದರೋ ಗೊತ್ತಿಲ್ಲ.

“ಏನು ಬೇಕು ನಿಮಗ?” ಎಂದರು.

ನಾನು ಅವ್ವ ಹೇಳಿದ್ದನ್ನೇ ಹೇಳಿದೆ. ಬುಡದಲ್ಲಿ ಕಿಂಡಿ ಹೊಡೆಸಿರಿ, ಮೇಲಿನ ಗೂಡುಗಳ ಗೋಣಿ ತೆಗೆಸಿರಿ ಎಂದೆ. ನಮ್ಮ ಹುಳು ಮನೆಯ ವಿಷಯವನ್ನೂ ಹೇಳಿದೆ.

ಅವರು ನಕ್ಕರು. “ಅವು ರೇಷ್ಮಿ ಕೊಡೂ ಹುಳಾನವ್ವ. ನಾಜೂಕಿನವು. ನಿಮಗ ಏನಾಗೈತಿ?”

“ಹುಳಾನೇ ತಡೀಲಿಲ್ಲ ಸ್ವಾಮಿ, ಬಸುರಿ ಹೆಂಗ್ ತಡದಾಳು?” ಎಂದೆ.

ಅವರ ನಗೆ ಹೋಯಿತು. “ಕೆಳಗ ಕಿಂಡಿ ಹೊಡಸ್ತೀನಿ, ಅದಕ್ಕ ಜಾಲರಿ ಬೀಳ್ತೈತಿ. ಮ್ಯಾಲಿನ ಗೋಣಿ ಮುಟ್ಟಾಂಗಿಲ್ಲ,” ಎಂದರು. ನಾನು ವಾದಿಸಲು ಹೊರಟೆ. ಮೇಸ್ತ್ರಿ ನನ್ನ ಮುಂದೆ ಬಂದು ನಿಂತುಕೊಂಡ.

ಗಾರೆಯವರು ಬಂದು ಬುಡದಲ್ಲಿ ಆರು ಕಿಂಡಿ ಹೊಡೆದರು. ನಾವು ಒಳಗೆ ಹೋಗಿ ಕೂತೆವು. ಮೊದಲೊಂದು ಗಳಿಗೆ ಸುಖವೆನ್ನಿಸಿತು. ಮಧ್ಯಾಹ್ನದ ಗಾಳಿ ಎದ್ದದ್ದೇ ತಡ, ಆರು ಕಿಂಡಿಯಿಂದ ನುಗ್ಗಿದ ಗಾಳಿ ಹೊರಹೋಗಲು ದಾರಿ ಕಾಣದೆ, ನೆಲದ ಮೇಲಿದ್ದ ಹೊಟ್ಟನ್ನೆಲ್ಲ ಎಬ್ಬಿಸಿ ಶೆಡ್ಡಿನ ತುಂಬ ಗಿರಗಿರ ಸುತ್ತತೊಡಗಿತು. ಎದುರಿಗಿದ್ದವರ ಮುಖ ಕಾಣಿಸಲಿಲ್ಲ. ಕೇರಿದ ಬೀಜವೆಲ್ಲ ಮತ್ತೆ ಸಿಪ್ಪೆ. ಕೆಮ್ಮುತ್ತ, ಕಣ್ಣುಜ್ಜುತ್ತ ಹೆಂಗಸರು ಬೈದದ್ದು ಸಾಹುಕಾರರನ್ನಲ್ಲ, ನನ್ನನ್ನು.

“ಇಕಿ ಮಾತು ಕೇಳಿ ಕೆಟ್ಟಿವಿ ನೋಡು! ಮೊದಲು ಸೆಕಿ ಒಂದ ಇತ್ತು, ಈಗ ಧೂಳಾ ಒಂದ್ ಹೆಚ್ಚಿಗಿ ಆತು.”

“ಹುಳದ ಶಾಸ್ತ್ರ ಹುಳಕ್ಕ ಇಡವ್ವ.”

ಹಿರೇಹಾಳಿನವಳು ಕೂಡ ಆ ದಿನ ನನ್ನ ಪಕ್ಕ ಕೂರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ನನ್ನ ಲೆಕ್ಕ ತಪ್ಪಿರಲಿಲ್ಲ. ಅದರ ಅರ್ಧವನ್ನಷ್ಟೇ ಮಾಡಿ ನನ್ನನ್ನು ಸುಳ್ಳುಗಾರ್ತಿ ಮಾಡಿದ್ದರು. ಮರುದಿನ ಊಟದ ಹೊತ್ತಿನಲ್ಲಿ ಎಲ್ಲರೂ ಅಂಗಳದಲ್ಲಿದ್ದಾಗ ನಾನು ಮೂಟೆಗಳ ಅಟ್ಟಿ ಹತ್ತಿದೆ. ಕೈಯಲ್ಲಿ ಗಂಡನ ಮೂಟೆ ಕೊಕ್ಕೆ. ತಗಡಿನ ಹತ್ತಿರ ತಲೆ ಹೋದಾಗ ಒಲೆಯ ಮುಂದೆ ಬಗ್ಗಿದಂತಾಯಿತು. ಕೊಕ್ಕೆ ಚುಚ್ಚಿ ಒಂದೊಂದೇ ಗೋಣಿ ಎಳೆದು ಕೆಳಗೆ ಎಸೆದೆ. ಎಷ್ಟು ವರ್ಷದ ಗೋಣಿಯೋ, ಒಂದರಲ್ಲಿ ಗುಬ್ಬಿ ಗೂಡು ಕಟ್ಟಿ ಬಿಟ್ಟುಹೋಗಿತ್ತು. ನಾಲ್ಕನೆಯದು ಎಳೆಯುವಾಗಲೇ ಮುಖಕ್ಕೆ ಗೊತ್ತಾಯಿತು, ಬಿಸಿ ಹಬೆ ನನ್ನನ್ನು ಸವರಿಕೊಂಡು ಹೊರಗೆ ಹೋಗುತ್ತಿತ್ತು.

ಆ ಮಧ್ಯಾಹ್ನ ಗಾಳಿ ಬಂದಾಗ ಹೊಟ್ಟು ಎದ್ದಿತು, ಆದರೆ ಸುತ್ತಲಿಲ್ಲ. ಓರೆಯಾಗಿ ಮೇಲೇರಿ ಗೂಡುಗಳಿಂದ ಹೊರಬಿತ್ತು. ಹೆಂಗಸರು ಮೊರ ನಿಲ್ಲಿಸಿ ನೋಡಿದರು. ಹಿರೇಹಾಳಿನವಳು ತನ್ನ ಮೊರ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. “ನಿನ್ನಿ ಬೈದದ್ದು ತಲ್ಯಾಗ ಇಟಗೋಬ್ಯಾಡ,” ಎಂದಳು ಅಷ್ಟೇ.

ನಮ್ಮ ಸುಖ ಒಂದೇ ದಿನದ್ದು. ಬೆಳಿಗ್ಗೆ ಬಂದು ನೋಡಿದರೆ ಗೂಡುಗಳಿಗೆ ಮತ್ತೆ ಗೋಣಿ ಬಿದ್ದಿತ್ತು, ಈ ಸಲ ಹೊರಗಿನಿಂದ ಹಲಗೆ ಹೊಡೆದು. ಅಟ್ಟಿ ಹತ್ತಿದವಳು ಯಾರೆಂದು ಮೇಸ್ತ್ರಿ ಕೇಳಿದ. “ನಾನೇ,” ಎಂದೆ. ಅವನಿಗೇ ಮುಜುಗರವಾದಂತೆ ಮುಖ ತಿರುಗಿಸಿ, “ನನಗ ಕೇಳಿಸಿಲ್ಲ, ಕೆಲಸ ಮಾಡ್ರಿ,” ಎಂದು ಹೋದ. ಬೇಸಿಗೆಯಲ್ಲಿ ಆರಿಸುವ ಕೈ ಕಡಿಮೆಯಾದರೆ ಅವನ ತಲೆಗೇ ಬರುತ್ತಿತ್ತು.

ಇದಾದ ಒಂದು ವಾರಕ್ಕೆ ಮಿಲ್ಲಿನ ಗಾಳಿ ಬೆಳಕು ನೋಡಲು ಸರ್ಕಾರದ ಅಧಿಕಾರಿಯೊಬ್ಬರು ರೈಲಿನಲ್ಲಿ ಬರುತ್ತಾರೆ ಎಂದಾಯಿತು. ಅಂಗಳಕ್ಕೆ ನೀರು ಹೊಡೆದರು. ರಾಶಿಗೆ ಟಾರ್ಪಾಲು ಹೊದಿಸಿದರು. ನನಗೆ ತಟ್ಟಿಯನ್ನು ಚೆನ್ನಾಗಿ ನೆನೆಸಬೇಕೆಂದು ಅಪ್ಪಣೆಯಾಯಿತು. ಬಂದವರು ಬಿಳಿ ಕೋಟಿನ, ಕನ್ನಡಕದ, ದಣಿದ ಮನುಷ್ಯ. ಕನ್ನಡ ಬರುತ್ತಿರಲಿಲ್ಲ, ಹರಕುಮುರುಕು ತೆಲುಗಿನಲ್ಲಿ ಮಾತಾಡುತ್ತಿದ್ದರು. ಮರದ ಪೆಟ್ಟಿಗೆಯಿಂದ ಒಂದು ಗಾಜಿನ ಥರ್ಮಾಮೀಟರು ತೆಗೆದರು. ಸಾಹುಕಾರರು ಅದನ್ನು ಅವರ ಕೈಯಿಂದ ಪಡೆದು, “ಇಲ್ಲಿ ಮೊಳೆ ಇದೆ ಸಾರ್,” ಎಂದು ತೆಲುಗಿನಲ್ಲೇ ಹೇಳಿ, ಕಚೇರಿಯ ಗೋಡೆಗೆ ನೇತುಹಾಕಿಸಿದರು. ಅಧಿಕಾರಿ ಕುರ್ಚಿಯಲ್ಲಿ ಕೂತು ಎಳನೀರು ಕುಡಿಯತೊಡಗಿದರು.

ನಾನು ಬಾಗಿಲಲ್ಲಿ ತಟ್ಟಿಗೆ ನೀರು ಚಿಮುಕಿಸುತ್ತಿದ್ದೆ. ಸಂದಿನಲ್ಲಿ ಎಲ್ಲ ಕಾಣುತ್ತಿತ್ತು. ಪಾದರಸ ನೋಡಿ ಅವರು ಪುಸ್ತಕದಲ್ಲಿ ಬರೆಯಲು ಪೆನ್ನು ತೆಗೆದಾಗ ನನಗೆ ತಡೆಯಲಾಗಲಿಲ್ಲ. ಕೊಡ ಕೆಳಗಿಟ್ಟು, ತಟ್ಟಿ ಸರಿಸಿ ಒಳಗೆ ಹೋದೆ. ತೆಲುಗು ನಮಗೆ ಸಂತೆಯಲ್ಲಿ, ಶಾಲೆಯಲ್ಲಿ ಬಂದ ಮಾತು.

“ಅಯ್ಯಾ, ಮೇಮು ಕೂರ್ಚುನೇದಿ ಅಕ್ಕಡ. ಅಕ್ಕಡ ಪೆಟ್ಟಂಡಿ,” ಎಂದೆ. ನಾವು ಕೂರುವುದು ಅಲ್ಲಿ, ಅಲ್ಲಿ ಇಡಿ ಎಂದು.

“ನೀನು ಯಾರಮ್ಮಾ?” ಎಂದರು ಅವರು.

“ಈ ತಟ್ಟಿಗೆ ನೀರು ಹಾಕುವವಳು. ಅಲ್ಲಿ ಬೀಜ ಆರಿಸುವವಳೂ ನಾನೇ.”

“ಇದೆಲ್ಲ ಒಂದೇ ಕಾಂಪೌಂಡು ಸಾರ್,” ಎಂದರು ಸಾಹುಕಾರರು. ಅಧಿಕಾರಿ ಅವರನ್ನು ನೋಡಿದರು, ನನ್ನನ್ನು ನೋಡಿದರು. ತುಸು ಬೇಸರದಿಂದಲೇ ಎದ್ದರು. ಎಳನೀರು ಇನ್ನೂ ಅರ್ಧ ಇತ್ತು. ಗೋಡೆಯ ಥರ್ಮಾಮೀಟರು ಬಿಚ್ಚಿ ನನ್ನ ಕೈಗೇ ಕೊಟ್ಟು, “ಎಲ್ಲಿ, ತೋರಿಸು,” ಎಂದರು.

ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟಿದೆ. ಹಿಂದೆ ಅವರು, ಅವರ ಹಿಂದೆ ಸಾಹುಕಾರರು, ಮೇಸ್ತ್ರಿ. ಹಿರೇಹಾಳಿನವಳು ಕೂತಿದ್ದ ಜಾಗದಲ್ಲಿ, ಅವಳ ತಲೆಯ ಮಟ್ಟಕ್ಕೆ, ಒಂದು ಮೂಟೆಯ ಹೊಲಿಗೆಗೆ ಸಿಕ್ಕಿಸಿದೆ. ಅಧಿಕಾರಿ ಕನ್ನಡಕ ಒರೆಸಿದರು, ಧೂಳು ಕೂತಿತು, ಮತ್ತೆ ಒರೆಸಿದರು. ಕೆಮ್ಮಿದರು. ನಾನು ಮೂರನೆಯ ಕ್ಲಾಸಿನ ತನಕ ಓದಿದ್ದೆ, ಅಂಕಿ ಬರುತ್ತಿತ್ತು. ಕಚೇರಿಯಲ್ಲಿ ಪಾದರಸ ಎಂಬತ್ತೆಂಟರಲ್ಲಿ ನಿಂತಿದ್ದನ್ನು ನೋಡಿದ್ದೆ. ಇಲ್ಲಿ ಅದು ಏರುತ್ತ ಏರುತ್ತ ನೂರಾ ಒಂಬತ್ತಕ್ಕೆ ಬಂದಿತು. ನಾನು ಗಟ್ಟಿಯಾಗಿ ಓದಿದೆ. ಹೆಂಗಸರಿಗೆ ಅಂಕಿಯ ಅರ್ಥ ತಿಳಿಯದಿದ್ದರೂ ಸಾಹುಕಾರರ ಮುಖದ ಅರ್ಥ ತಿಳಿಯಿತು.

“ಮೇಲಿನವು ಯಾಕೆ ಮುಚ್ಚಿವೆ?” ಎಂದು ಅಧಿಕಾರಿ ಕೈ ತೋರಿಸಿದರು. ಅವರು ನಿಂತಲ್ಲೇ ಪುಸ್ತಕದಲ್ಲಿ ಬರೆದರು. ಹೋಗುವಾಗ ಥರ್ಮಾಮೀಟರನ್ನು ಜೋಪಾನವಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

ಎರಡು ದಿನದೊಳಗೆ ಹಲಗೆ ಕಿತ್ತರು, ಗೋಣಿ ತೆಗೆದರು, ಕಿಟಕಿಗಳ ಇಟ್ಟಿಗೆಯನ್ನೂ ಬಿಡಿಸಿ ಕಬ್ಬಿಣದ ಜಾಲರಿ ಹಾಕಿದರು. ಮೂರನೆಯ ದಿನ ಮೇಸ್ತ್ರಿ ಗೇಟಿನಲ್ಲೇ ನನ್ನನ್ನು ತಡೆದ. “ನಾಳಿಂದ ಬರಬ್ಯಾಡ ಅಂದಾರವ್ವ,” ಎಂದ. “ನಾಳೆಯಿಂದ ಯಾಕೆ, ಇವತ್ತೇ ಹೋಗ್ತೀನಿ,” ಎಂದು ತಿರುಗಿದೆ. ಹಿರೇಹಾಳಿನವಳು ಮತ್ತು ಇನ್ನಿಬ್ಬರು ಮೊರ ಬಿಟ್ಟು ಹೊರಗೆ ಬಂದರು. ನಾನೇ ಅವರನ್ನು ಒಳಗೆ ಕಳಿಸಿದೆ. ಅವಳಿಗೆ ಆಗ ಕೂರುವ ಜಾಗ ಬೇಕಿತ್ತು, ಗಾಳಿಯಾಡುವ ಜಾಗ. ಅದು ಈಗ ಇತ್ತು. ಹೊರಗೆ ಬಂದು ನನ್ನೊಡನೆ ಬಿಸಿಲಲ್ಲಿ ನಿಂತು ಅವಳು ಏನು ಸಾಧಿಸಬೇಕಿತ್ತು?

ಗಂಡ ಸಂಜೆ ಬಂದು ಎಲ್ಲ ಕೇಳಿದ. “ನಿನ್ನ ಬಾಯಿ ಒಂದು ದಿನ ನಿನ್ನನ್ನ ಮನೀಗೆ ಕಳಸ್ತೈತಿ ಅಂತ ಗೊತ್ತಿತ್ತು,” ಎಂದ. ಆಮೇಲೆ, “ಕೊಕ್ಕಿ ಎಲ್ಲಿಟ್ಟಿ?” ಎಂದು ಕೇಳಿದ. ಅಷ್ಟರಿಂದ ಅವನಿಗೆ ಕೋಪವಿಲ್ಲ ಎಂದು ತಿಳಿದುಕೊಂಡೆ.

ಒಂದು ತಿಂಗಳ ಮೇಲೆ ನೇಕಾರರ ಓಣಿಯಲ್ಲಿ ಕೆಲಸ ಸಿಕ್ಕಿತು. ಮುದಿ ವಿಧವೆಯೊಬ್ಬಳು, ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ನಾಲ್ಕು ಕುಣಿ ಮಗ್ಗ ನಡೆಸುತ್ತಿದ್ದಳು. ನನಗೆ ನೂಲು ಸುತ್ತುವ ಕೆಲಸ. ಆ ಮನೆಯೂ ಮುಚ್ಚಿದ್ದೇ. ಕಿಟಕಿಗೆ ಚಾಪೆ, ನೆಲಕ್ಕೆ ಒದ್ದೆ ಮರಳು. ಮೊದಲ ದಿನ ನಾನು ದೊಡ್ಡ ಉಪಕಾರ ಮಾಡುವವಳಂತೆ ಹೋಗಿ ಚಾಪೆ ಎತ್ತಿ ಕಟ್ಟಿದೆ. ಒಂದು ಎಲೆ ಅಡಿಕೆ ಹಾಕುವಷ್ಟರಲ್ಲಿ ಮೂರು ಮಗ್ಗದಲ್ಲಿ ಎಳೆ ಪಟಪಟನೆ ಹರಿಯತೊಡಗಿತು.

“ಯಾರವ್ವ ಕಿಟಕಿ ತಗದಾಕಿ?” ಎಂದು ಮುದುಕಿ ಕೂಗಿದಳು. “ಒಣಾ ಗಾಳಿ ಬಡದರ ನೂಲು ಬಳಿ ಒಡದಂಗ ಒಡೀತೈತಿ! ನಾವು ಸೆಕಿ ಇಲ್ಲ ಅಂತ ಕುಂತೀವೇನು?”

ನಾಚಿಕೆಯಾಯಿತು. ಸಾಹುಕಾರರು ಶೆಡ್ಡಿನಲ್ಲಿ ಒಂದು ದಿನವೂ ಕೂರದೆ ನಮಗೆ ಹವೆ ನಿಗದಿ ಮಾಡಿದ್ದರಲ್ಲ, ನಾನು ಮಗ್ಗದಲ್ಲಿ ಒಂದು ದಿನವೂ ಕೂರದೆ ಅದನ್ನೇ ಮಾಡಿದ್ದೆ. ಚಾಪೆ ಇಳಿಸಿ, ಹರಿದ ಎಳೆಗಳನ್ನು ಜೋಡಿಸಲು ಅವಳ ಪಕ್ಕ ಕೂತೆ. ಆದರೆ ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಹತ್ತು ದಿನ ಬಿಟ್ಟು, “ಊಟದ ಹೊತ್ತಿಗೆ ಮಗ್ಗ ನಿಂತಿರ್ತಾವಲ್ಲ, ಆಗ ಮುಂಬಾಗ್ಲು, ಹಿಂಬಾಗ್ಲು ಎಲ್ಡೂ ತೆಗೆಯೋಣ. ನೂಲಿನ ಮ್ಯಾಲೆ ಒದ್ದೆ ಬಟ್ಟೆ ಹೊದಿಸ್ತೀನಿ,” ಎಂದೆ.

“ಉಂಡು ಕೈ ತೊಳಿಯೂದರಾಗ ಮುಚ್ಚಬೇಕು,” ಎಂದಳು ಮುದುಕಿ.

ಹಾಗೇ ನಡೆಯಿತು. ಆ ಅರ್ಧ ಗಂಟೆಯಲ್ಲಿ ಕುಣಿಯಿಂದ ಮೇಲೆ ಬಂದ ನೇಕಾರರು ಹಿಂಬಾಗಿಲ ಹೊಸ್ತಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಮುದುಕಿಯೇ ಮೊದಲು ಹೋಗಿ ಜಾಗ ಹಿಡಿಯುತ್ತಿದ್ದಳು.

ಹಿರೇಹಾಳಿನವಳಿಗೆ ಆಷಾಢದಲ್ಲಿ ಹೆಣ್ಣು ಮಗು ಹುಟ್ಟಿತು. ತವರಿನಿಂದ ಮರಳಿ ಬಂದು ಮಗುವನ್ನು ಮಗ್ಗದ ಮನೆಗೇ ತಂದು ತೋರಿಸಿದಳು. ದೀಪಾವಳಿ ಕಳೆದು ಹೊಸ ಕಾಯಿ ಬಂದು ಮಿಲ್ಲು ಶುರುವಾದಾಗ, ಮೇಸ್ತ್ರಿ ನನ್ನನ್ನು ಹುಡುಕಿಕೊಂಡು ಓಣಿಗೆ ಬಂದ.

“ಬೀಜ ಆರಿಸೂ ಕೈ ಸಾಲವಲ್ದು. ಸಾಹುಕಾರ್ರು ನಿನ್ನ ಕರ್ಕೊಂಬಾ ಅಂದಾರ. ಈಗ ಒಳಗ ಚಲೋ ಗಾಳಿ ಐತ್ಯವ್ವ,” ಎಂದ.

“ಗಾಳಿ ಐತೆ ಅಂತ ನಂಗೆ ಗೊತ್ತು,” ಎಂದೆ. “ನನ್ನನ್ನ ಕಳ್ಸಿದ್ದು ತಪ್ಪು ಅಂತ ಅವರು ಆ ಹೆಂಗಸರ ಮುಂದೆ ಒಂದು ಮಾತು ಹೇಳ್ಲಿ. ಆವತ್ತೇ ಬತ್ತೀನಿ.”

“ಅದನ್ನ ನಾ ಹೆಂಗ ಹೇಳಲಿ ಅವರಿಗೆ?”

“ಹೇಳ್ಬ್ಯಾಡ್ರಿ. ನಾನು ಬರಲ್ಲ ಅಂತ ಹೇಳ್ರಿ, ಸಾಕು.”

ಅವನು ಹೋದ. ಸಾಹುಕಾರರು ಆ ಮಾತು ಹೇಳಲಿಲ್ಲ, ನಾನೂ ಹೋಗಲಿಲ್ಲ. ಮಗ್ಗದ ಮನೆಯಲ್ಲಿ ಮುದುಕಿ ಇರುವ ತನಕ ಇದ್ದೆ. ಅವಳು ತೀರಿಕೊಂಡ ಮೇಲೆ, ಅವಳೇ ಹೇಳಿಟ್ಟಿದ್ದಂತೆ, ನಾಲ್ಕರಲ್ಲಿ ಒಂದು ಮಗ್ಗ ನಮ್ಮ ಮನೆಗೆ ಬಂತು. ನಾನು ನೇಯುವುದನ್ನು ಕಲಿತದ್ದು ಅದರ ಮೇಲೆಯೇ.